ಬಿಸಿಲಿನಿಂದ ಸೆಖೆಗೆ: ಕೊಡಗಿನಲ್ಲಿ ಐದು ದಿನ

ಏಪ್ರಿಲ್ ನಡುವಿನಲ್ಲಿ ಬರುವ ಕೊಡವರ ಹೊಸ ವರ್ಷದ ದಿನವಾದ ಎಡಮ್ಯಾರ್ ಒಂದು ಕಳೆದು ಮೂರನೆಯ ದಿನ ಕುಂದಾಪುರದಿಂದ ಭಾವ ಮಡಿಕೇರಿಗೆ ಬಂದಿಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಅವರ ಕೈಯಲ್ಲಿ ಬಟ್ಟೆಯ ಚೀಲಕ್ಕಿಂತ ಹೆಚ್ಚಿನ ಜೋಪಾನದಿಂದ ಹಿಡಿದಿದ್ದ ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ಒಂದೇ ಹಲಗೆಗೆ ಕಟ್ಟಿದ ಎರಡು ಥರ್ಮಾಮೀಟರುಗಳಿದ್ದವು. ಒಂದರ ಬುರುಡೆ ಬರಿದು, ಇನ್ನೊಂದರ ಬುರುಡೆಗೆ ಹತ್ತಿಯ ಬಟ್ಟೆ ಸುತ್ತಿ ಅದರ ತುದಿಯನ್ನು ನೀರಿನ ಪುಟ್ಟ ಕುಪ್ಪಿಗೆ ಇಳಿಬಿಟ್ಟಿತ್ತು. ಸಾಮಾನ್ಯ ಥರ್ಮಾಮೀಟರು ಗಾಳಿಯ ಬಿಸಿಯನ್ನು ಹೇಳಿದರೆ, ಬಟ್ಟೆ ಸುತ್ತಿದ್ದು ಒದ್ದೆಯಾದ ಮೈ ಆ ಗಾಳಿಯಲ್ಲಿ ಎಷ್ಟರ ಮಟ್ಟಿಗೆ ತಣಿಯಬಲ್ಲದು ಎಂಬುದನ್ನು ಹೇಳುತ್ತದೆ. "ನೀವು ಘಟ್ಟದ ಮೇಲಿನವರು ಬಿಸಿಲು ಎನ್ನುತ್ತೀರಿ, ನಾವು ಕೆಳಗಿನವರು ಸೆಖೆ ಎನ್ನುತ್ತೇವೆ. ಎರಡೂ ಒಂದೇ ಅಲ್ಲ ಮಾರಾಯ. ಕಡಲ ದಂಡೆಯ ಜೀವಿಗಳು ಸೆಖೆಯನ್ನು ಹೇಗೆ ಕಳೆಯುತ್ತವೆ ಎಂಬುದನ್ನು ನಾನು ಬಹಳ ಕಾಲದಿಂದ ನೋಡುತ್ತಾ ಬಂದಿದ್ದೇನೆ. ನಿನ್ನ ಕೊಡಗಿನಲ್ಲಿ ಬಿಸಿಲು ಎಲ್ಲಿ ಮುಗಿದು ಸೆಖೆ ಎಲ್ಲಿ ಶುರುವಾಗುತ್ತದೆ ಎಂದು ತೋರಿಸು," ಎಂದರು.

ಈ ಪ್ರಶ್ನೆಗೆ ಕೊಡಗಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕುಶಾಲನಗರದಿಂದ ಮಡಿಕೇರಿಯ ಮೇಲೆ ಹಾದು ಸಂಪಾಜೆಗೆ ಇಳಿಯುವ ಹೆದ್ದಾರಿಯ ಉದ್ದ ಅರುವತ್ತು ಕಿಲೋಮೀಟರಿನ ಆಸುಪಾಸು. ಅಷ್ಟರೊಳಗೆ ಮೈಸೂರು ಸೀಮೆಯ ಒಣ ಬಯಲಿನ ಅಂಚು, ಕಾಫಿಯ ನೆರಳು, ಬೆಟ್ಟದ ಮಂಜು, ಕರಾವಳಿಯ ಅಡಿಕೆ ತೋಟ ಎಲ್ಲವೂ ಬಂದು ಹೋಗುತ್ತವೆ. ಪೂರ್ವದಿಂದ ಹೊರಟು ಪಶ್ಚಿಮಕ್ಕೆ ಇಳಿಯುವುದೆಂದು ನಿಶ್ಚಯಿಸಿದೆವು.

ಮೊದಲನೆಯ ದಿನ: ಚಿಕ್ಲಿಹೊಳೆ, ದುಬಾರೆ

ಚಿಕ್ಲಿಹೊಳೆ ಜಲಾಶಯದ ನೀರು ಏಪ್ರಿಲ್ ಹೊತ್ತಿಗೆ ಬಹುದೂರ ಹಿಂದೆ ಸರಿದು, ಮಳೆಗಾಲದಲ್ಲಿ ಮುಳುಗಿರುವ ನೆಲ ಬಿರುಕು ಬಿಟ್ಟ ಕೆಸರಿನ ಹಪ್ಪಳಗಳಾಗಿ ಮೇಲೆದ್ದಿರುತ್ತದೆ. ಹನ್ನೊಂದು ಗಂಟೆಗೆ ಅಲ್ಲಿ ಮರದ ನೆರಳಿನಲ್ಲಿ ಹಲಗೆಯನ್ನು ತೂಗುಹಾಕಿದಾಗ ಒಣ ಬುರುಡೆ 35 ಡಿಗ್ರಿ, ಒದ್ದೆ ಬುರುಡೆ 23 ಡಿಗ್ರಿ ತೋರಿಸಿದವು. ನಡುವೆ ಹನ್ನೆರಡು ಡಿಗ್ರಿಗಳ ಅಂತರ. ಭಾವ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಇಲ್ಲಿ ಒದ್ದೆಯಾಗಲು ನೀರು ಸಿಕ್ಕ ಯಾವ ಜೀವಿಯೂ ಚೆನ್ನಾಗಿ ತಣಿಯಬಲ್ಲದು, ಕಷ್ಟವಿರುವುದು ನೀರು ಸಿಗುವುದರಲ್ಲಿ ಎಂಬುದು ಅದರ ಅರ್ಥ.

ಆ ಮಾತಿಗೆ ಸಾಕ್ಷಿಯಾಗಿ ಒಂದು ಟಿಟ್ಟಿಭ ಹಕ್ಕಿ ನಮ್ಮ ಮುಂದೆಯೇ ಇತ್ತು. ಮೈಸೂರು ಸೀಮೆಯವರು ತೇನೆ ಹಕ್ಕಿ ಎನ್ನುವ, ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕುಳ್ಳ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನಲ್ಲಿ ನೆಲವನ್ನು ತುಸು ಕೆದಕಿ, ಸುತ್ತ ಒಂದಿಷ್ಟು ಕಲ್ಲುಹರಳು ಜೋಡಿಸಿ, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ನಾಲ್ಕು ಮೊಟ್ಟೆಗಳನ್ನು ಇಡುತ್ತದೆ. ಬೇರೆ ಹಕ್ಕಿಗಳು ಮೊಟ್ಟೆಗೆ ಕಾವು ಕೊಡಲು ಕೂರುತ್ತವೆ. ಇದಕ್ಕೆ ಬೇಸಿಗೆಯ ಮಧ್ಯಾಹ್ನ ಕಾವನ್ನು ತಡೆಯುವುದೇ ಕೆಲಸ. ದೂರದ ಬಂಡೆಯ ಮರೆಯಲ್ಲಿ ಕುಳಿತು ದುರ್ಬೀನಿನಿಂದ ಒಂದೂವರೆ ಗಂಟೆ ನೋಡಿದೆವು. ಹಕ್ಕಿ ಮೊಟ್ಟೆಗಳ ಮೇಲೆ ಮೈಯನ್ನು ಪೂರ್ತಿ ಊರದೆ, ಕಾಲುಗಳನ್ನು ಅರ್ಧ ಮಡಚಿ, ಬೆನ್ನಿನ ಗರಿಗಳನ್ನು ಎತ್ತಿ, ರೆಕ್ಕೆಗಳನ್ನು ಇಳಿಬಿಟ್ಟು ಕೊಡೆಯಂತೆ ನಿಂತಿತ್ತು. ಕೊಕ್ಕು ತೆರೆದಿತ್ತು, ಗಂಟಲು ಅದುರುತ್ತಿತ್ತು. ಹಕ್ಕಿಗಳಿಗೆ ಬೆವರುಗ್ರಂಥಿಗಳಿಲ್ಲವಾದ್ದರಿಂದ ಹೀಗೆ ಬಾಯಿಯ ತೇವವನ್ನು ಆರಿಸಿ ಅವು ಮೈಯನ್ನು ತಣಿಸಿಕೊಳ್ಳುತ್ತವೆ.

ಸ್ವಲ್ಪ ಹೊತ್ತಿನ ಬಳಿಕ ಅದು ಎದ್ದು ನೀರಿನ ಅಂಚಿಗೆ ಓಡಿತು. ಕುಡಿಯಲಿಲ್ಲ. ಮೊಣಕಾಲಾಳದ ನೀರಿನಲ್ಲಿ ಕುಕ್ಕರಿಸಿ, ಎದೆ ಮತ್ತು ಹೊಟ್ಟೆಯನ್ನು ಹಿಂದೆ ಮುಂದೆ ತೂಗಿ, ಗರಿಗಳು ನೀರು ಹೀರಿಕೊಳ್ಳುವಷ್ಟು ಹೊತ್ತು ಅಲ್ಲಿಯೇ ಇದ್ದು, ಎದ್ದಾಗ ಹೊಟ್ಟೆಯ ಬಿಳಿ ಗರಿಗಳು ಕಡ್ಡಿಕಡ್ಡಿಯಾಗಿ ಅಂಟಿಕೊಂಡು ತುದಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಂದು ಹನಿಯೂ ವ್ಯರ್ಥವಾಗಬಾರದೆಂಬಂತೆ ಬಿರಬಿರನೆ ಮರಳಿ ಬಂದು ಮೊಟ್ಟೆಗಳ ಮೇಲೆ ಕುಳಿತು ಮೈಯನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಒತ್ತಿತು. ಒದ್ದೆ ಬುರುಡೆಗೆ ಸುತ್ತಿದ ಬಟ್ಟೆ ಮಾಡುವ ಕೆಲಸವನ್ನೇ ಆ ಗರಿಗಳು ಮಾಡುತ್ತಿದ್ದವು. ನಾವು ನೋಡಿದ ಒಂದೂವರೆ ಗಂಟೆಯಲ್ಲಿ ಗಂಡು ಹೆಣ್ಣು ಸರದಿ ಬದಲಿಸುತ್ತಾ ಒಟ್ಟು ಆರು ಬಾರಿ ನೀರಿಗೆ ಹೋಗಿ ಬಂದವು. ಅಷ್ಟರಲ್ಲಿ ದಡದ ಮೇಲೆ ಬೈಕು ನಿಲ್ಲಿಸಿದ ನಾಲ್ಕು ಮಂದಿ ಹುಡುಗರು ಫೋಟೋಗಾಗಿ ನೀರಿನ ಅಂಚಿಗೆ ಇಳಿದರು. ಹಕ್ಕಿಗಳೆರಡೂ ಚೀರುತ್ತಾ ಮೇಲೆ ಸುತ್ತತೊಡಗಿದವು, ಮೊಟ್ಟೆಗಳು ಬರಿಯ ಬಿಸಿಲಿಗೆ ಬಿದ್ದವು. ನಾನು ಎದ್ದು ಹೋಗಿ ವಿಷಯ ಹೇಳಿದಾಗ ಹುಡುಗರು ಕೂಡಲೇ ಬದಿಗೆ ಸರಿದರು, ಒಬ್ಬನಂತೂ ದುರ್ಬೀನು ಕೇಳಿ ಪಡೆದು ನೋಡಿದ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಆದರೆ ಅಂತಹ ನೆಲ ಮುಟ್ಟಲಾಗದಷ್ಟು ಕಾದಿರುವಾಗ ಹತ್ತು ಹದಿನೈದು ನಿಮಿಷಗಳ ಅಡಚಣೆಯೂ ಮೊಟ್ಟೆಯೊಳಗಿನ ಜೀವಕ್ಕೆ ಅಪಾಯ ತರಬಲ್ಲದು.

ದುಬಾರೆಯಲ್ಲಿ ಕಾವೇರಿ ಬಂಡೆಗಳ ನಡುವೆ ಹಲವು ಎಳೆಗಳಾಗಿ ಹರಿಯುತ್ತಿದ್ದಳು. ಶಿಬಿರದ ಆನೆಗಳಿಗೆ ಸ್ನಾನ ಮಾಡಿಸುತ್ತಿದ್ದ ಮಾವುತರೊಬ್ಬರು ಒಂದು ಆನೆಯ ಕಿವಿಯನ್ನು ಮಡಚಿ ಹಿಂಭಾಗವನ್ನು ತೋರಿಸಿದರು. ಅಲ್ಲಿ ಬೆರಳಿನ ಗಾತ್ರದ ರಕ್ತನಾಳಗಳು ಮರದ ಕೊಂಬೆಗಳಂತೆ ಕವಲೊಡೆದಿದ್ದವು. ಮೊರದಂತಹ ಕಿವಿ ಎಂದು ನಾವು ಸುಮ್ಮನೆ ಹೇಳುತ್ತೇವೆ. ಆನೆ ಬೀಸುತ್ತಿರುವುದು ಆ ನಾಳಗಳಲ್ಲಿ ಹರಿಯುವ ಬಿಸಿ ರಕ್ತವನ್ನು ತಣಿಸುವುದಕ್ಕೆ. "ಇದಕ್ಕೆ ಮೈಯೆಲ್ಲ ಬೆವರೋದಿಲ್ಲ ಸರ್, ಉಗುರಿನ ಹತ್ತಿರ ಮಾತ್ರ ಸ್ವಲ್ಪ ಒದ್ದೆಯಾಗುತ್ತೆ. ನೀರು ಬಿಟ್ಟರೆ ಮಣ್ಣು, ಮಣ್ಣು ಬಿಟ್ಟರೆ ನೆರಳು," ಎಂದರು. ಚರ್ಮದ ಸುಕ್ಕುಗಳಲ್ಲಿ ನಿಂತ ನೀರು ನಿಧಾನವಾಗಿ ಆರುತ್ತಾ ಬಹಳ ಹೊತ್ತು ತಂಪು ಕೊಡುತ್ತದೆ, ಮೇಲೆ ಎರಚಿಕೊಂಡ ಮಣ್ಣು ಬಿಸಿಲನ್ನೂ ನೊಣವನ್ನೂ ತಡೆಯುತ್ತದೆ.

ಎರಡನೆಯ ದಿನ: ನಾಗರಹೊಳೆ

ಕುಟ್ಟದ ಕಡೆಯಿಂದ ನಾಗರಹೊಳೆಯೊಳಗೆ ಹೋದೆವು. 643 ಚದರ ಕಿಲೋಮೀಟರಿನ ಈ ರಾಷ್ಟ್ರೀಯ ಉದ್ಯಾನದ ದೊಡ್ಡ ಭಾಗ ಎಲೆ ಉದುರಿಸುವ ಕಾಡು. ತೇಗ, ಮತ್ತಿ, ನಂದಿ ಮರಗಳು ಬೇಸಿಗೆಯಲ್ಲಿ ಎಲೆ ಕಳಚಿ ನಿಲ್ಲುವುದು ಅವುಗಳ ಮಟ್ಟಿಗೆ ನೀರುಳಿತಾಯ, ಆದರೆ ಕೆಳಗಿರುವ ಪ್ರಾಣಿಗಳ ಮಟ್ಟಿಗೆ ಅದು ಸೂರು ಹಾರಿಹೋದ ಮನೆ. ಹಲಗೆಯ ಮೇಲೆ 36 ಮತ್ತು 22 ಡಿಗ್ರಿ ಬಂದವು. ಅಂತರ ಇನ್ನೂ ಹೆಚ್ಚಿತ್ತು.

ಮಧ್ಯಾಹ್ನದ ಕಾಡಿನಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಕಾಟಿಗಳು ಬಿದಿರಿನ ಹಿಂಡಿಲಿನ ಒಳಗೆ ಮಲಗಿ ಮೆಲುಕು ಹಾಕುತ್ತಿರುತ್ತವೆ, ಅವುಗಳ ಕಪ್ಪು ಮೈಗೆ ಆ ಹೊತ್ತಿನ ಬಯಲು ಸಲ್ಲದು. ಕಡವೆಗಳು ರಾತ್ರಿಯನ್ನೇ ನೆಚ್ಚಿಕೊಂಡಿರುತ್ತವೆ. ಒಂದು ಮತ್ತಿ ಮರದ ಮೇಲೆ ಮುಸಿಯಗಳ ಗುಂಪು ಚಿಗುರು ತಿನ್ನುತ್ತಾ ಅರ್ಧ ತಿಂದ ಕಡ್ಡಿಗಳನ್ನು ಕೆಳಗೆ ಬೀಳಿಸುತ್ತಿತ್ತು, ಹುಲ್ಲು ಒಣಗಿದ ಕಾಲದಲ್ಲಿ ಹಸಿರೂ ತೇವವೂ ಎರಡೂ ಇರುವ ಆ ಎಲೆಗಳಿಗಾಗಿ ಜಿಂಕೆಗಳು ಮರದ ಬುಡದಲ್ಲಿ ಕಾದಿದ್ದವು. ಹುಲಿ ಕಾಣಲಿಲ್ಲ. ಬೇಸಿಗೆಯಲ್ಲಿ ಅದು ಕೆರೆಗೆ ಹಿಂದುಹಿಂದಾಗಿ ಇಳಿದು ಸೊಂಟದವರೆಗೆ ನೀರಿನಲ್ಲಿ ಕುಳಿತುಬಿಡುತ್ತದೆ ಎಂದು ಜೊತೆಯಲ್ಲಿದ್ದ ಕಾವಲುಗಾರರು ವರ್ಣಿಸಿದರು.

ಸಂಜೆ ಐದರ ಹೊತ್ತಿಗೆ ಕೆರೆಯೊಂದಕ್ಕೆ ಒಂಬತ್ತು ಆನೆಗಳು ಬಂದವು. ದಿನಕ್ಕೆ ನೂರು ಲೀಟರಿಗೂ ಮೀರಿ ನೀರು ಕುಡಿಯುವ ದೇಹಗಳು ಅವು, ಆದರೂ ಮೊದಲು ಕುಡಿದವು ಮರಿಗಳು. ದೊಡ್ಡ ಹೆಣ್ಣಾನೆ ಸೊಂಡಿಲಿನಿಂದ ಕಿವಿಯ ಹಿಂದಕ್ಕೇ ಗುರಿಯಿಟ್ಟು ನೀರು ಚಿಮ್ಮಿಸಿಕೊಂಡಿತು. ಹಿಂದಿನ ದಿನ ಮಾವುತರು ತೋರಿಸಿದ ನಾಳಗಳಿದ್ದ ಜಾಗವೇ ಅದು. ಕೆರೆಗೆ ನೀರು ಬರುತ್ತಿದ್ದುದು ಸೌರಶಕ್ತಿಯ ಪಂಪಿನಿಂದ. ಬತ್ತಿದ ಕೆರೆಗಳಿಗೆ ಹೀಗೆ ಬೋರಿನ ನೀರು ಹಾಯಿಸುವುದು ಈಗಿನ ಪದ್ಧತಿ, ಅದರಿಂದ ಉಳಿದ ಪ್ರಾಣಗಳೂ ಉಂಟು. ಆದರೂ ನನಗೊಂದು ಅಳುಕಿದೆ. ನೀರು ಒಂದೇ ಕಡೆ ನಿಂತರೆ ಮೇಯುವ ಪ್ರಾಣಿಗಳೂ ಅವುಗಳನ್ನು ಹಿಡಿಯುವ ಪ್ರಾಣಿಗಳೂ ಅಲ್ಲಿಯೇ ನೆರೆದು ಸುತ್ತಲಿನ ನೆಲ ಸವೆಯುತ್ತದೆ. ತೊರೆಗಳ ತಲೆಯಲ್ಲಿರುವ ಕಾಡನ್ನು ಕಾಯ್ದರೆ ಸಿಗುವ ನೀರು ಹಲವು ಗುಂಡಿಗಳಲ್ಲಿ ಹಂಚಿ ನಿಲ್ಲುತ್ತದೆ. ಪಂಪು ಆ ಕೆಲಸಕ್ಕೆ ಬದಲಿಯಾಗಲಾರದು.

ಮೂರನೆಯ ದಿನ: ಸಿದ್ದಾಪುರದ ಕಾಫಿ ತೋಟ

ಸಿದ್ದಾಪುರದ ಬಳಿ ನನ್ನ ಚಿಕ್ಕಪ್ಪನ ಮಗನ ತೋಟವಿದೆ. ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ತಲುಪಿದಾಗ ಲೈನ್ ಮನೆಗಳ ಕೆಲಸಗಾರರು ಅಂಗಳದಲ್ಲಿ ಗುಂಪಾಗಿ ನಿಂತಿದ್ದರೇ ಹೊರತು ಯಾರೂ ತೋಟಕ್ಕೆ ಇಳಿದಿರಲಿಲ್ಲ. "ಅಣ್ಣ, ಮೂರು ಆನೆ ಕೆರೆ ಹತ್ತಿರ ಇವೆಯಂತೆ. ಇನ್ನೂ ಮೇಲೆ ಹತ್ತಿಲ್ಲ. ಪಟಾಕಿ ಬೇಡ ಎಂದಿದ್ದೇನೆ, ತಾವಾಗಿಯೇ ಹೋಗಲಿ," ಎಂದ ತಮ್ಮ. ಎಂಟು ಗಂಟೆಯವರೆಗೆ ಕಾದೆವು. ಕಾಯುವಾಗ ನನಗೆ ಹೊಳೆದದ್ದು ಇಷ್ಟು: ಬಿಸಿಲಿನ ದಿನಗಳಲ್ಲಿ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಬೇಕೆಂದು ಆಳುಗಳು ಬಯಸುತ್ತಾರೆ. ಆನೆಯೂ ಅದೇ ತಂಪಿನ ಹೊತ್ತಿನಲ್ಲಿ ನೀರು ಮುಗಿಸಿ, ಮಾಗತೊಡಗಿದ ಹಲಸಿನ ಹಣ್ಣನ್ನು ತಿಂದು, ಬಿಸಿಲೇರುವ ಮುನ್ನ ನೆರಳಿಗೆ ಸೇರಬೇಕೆಂದು ಹೊರಟಿರುತ್ತದೆ. ಇಬ್ಬರೂ ಮಧ್ಯಾಹ್ನದಿಂದ ತಪ್ಪಿಸಿಕೊಳ್ಳುತ್ತಿರುವವರು. ಇಬ್ಬರಿಗೂ ದಕ್ಕುವ ಹೊತ್ತು ಒಂದೇ ಆದ್ದರಿಂದ ತೋಟದ ದಾರಿಯ ತಿರುವಿನಲ್ಲಿ ಎದುರಾಗುತ್ತಾರೆ, ಪ್ರಾಣ ಹೋಗುವುದು ಹಾಗೆ. ಬೇಸಿಗೆಯ ಎರಡು ತಿಂಗಳ ಮಟ್ಟಿಗಾದರೂ ಕೆಲಸದ ಆರಂಭವನ್ನು ಎಂಟು ಗಂಟೆಗೆ ಸರಿಸಿ, ಮಧ್ಯಾಹ್ನ ದೀರ್ಘ ಬಿಡುವು ಕೊಡುವುದು ತೋಟದ ಯಜಮಾನರ ಕೈಯಲ್ಲೇ ಇರುವ ಉಪಾಯ. ತಮ್ಮ ಅದನ್ನು ಮಾಡುತ್ತಿದ್ದಾನೆ, ಎಲ್ಲರೂ ಮಾಡುತ್ತಿಲ್ಲ.

ತೋಟದಲ್ಲಿ ತುಡುವೆ ಜೇನಿನ ಏಳು ಪೆಟ್ಟಿಗೆಗಳಿವೆ. ಸ್ಪ್ರಿಂಕ್ಲರ್ ಪೈಪಿನ ಜೋಡಣೆಯೊಂದು ಸೋರುತ್ತಿದ್ದು, ಅದರ ಕೆಳಗಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಹತ್ತಿಪ್ಪತ್ತು ನೊಣಗಳು ಸಾಲಾಗಿ ಕುಳಿತಿದ್ದವು. ನಾನು ಮೊಣಕಾಲೂರಿ ಒಂದು ಗೇಣಿನಷ್ಟು ಹತ್ತಿರದಿಂದ ನೋಡಿದೆ. ಪ್ರತಿಯೊಂದರ ನಾಲಗೆ ಪಾಚಿಯೊಳಗೆ ಇಳಿದಿತ್ತು, ಹೊಟ್ಟೆಯ ಉಂಗುರಗಳು ಹಿಗ್ಗಿ ಕುಗ್ಗುತ್ತಿದ್ದವು, ಸುಮಾರು ಒಂದು ನಿಮಿಷ ಕುಡಿದ ಮೇಲೆ ಭಾರವಾಗಿ ಏಳುತ್ತಿದ್ದವು. ಆ ನೀರು ಅವುಗಳ ಸ್ವಂತ ಬಾಯಾರಿಕೆಗೆ ಅಲ್ಲ. ಗೂಡಿನೊಳಗೆ ಮರಿಗಳಿರುವ ಕೋಶಗಳ ಬಿಸಿ 35 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಅದಕ್ಕಾಗಿ ತಂದ ನೀರನ್ನು ಏರಿಯ ಮೇಲೆ ತೆಳ್ಳಗೆ ಹರಡಿ ರೆಕ್ಕೆ ಬೀಸಿ ಆರಿಸುತ್ತವೆ. ಪೆಟ್ಟಿಗೆಯ ಬಾಗಿಲಿನಲ್ಲಿ ಐದು ನೊಣಗಳು ಮುಖವನ್ನು ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಕ್ಕೆ ದೂಡುತ್ತಿದ್ದವು. ಯುರೋಪಿನ ಜೇನುನೊಣ ಇದಕ್ಕೆ ವಿರುದ್ಧವಾಗಿ ಮುಖವನ್ನು ಒಳಗೆ ಮಾಡಿ ನಿಂತು ಬಿಸಿ ಗಾಳಿಯನ್ನು ಹೊರಗೆಳೆಯುತ್ತದೆ. ಟಿಟ್ಟಿಭ ಹೊಟ್ಟೆಯ ಗರಿಗಳಲ್ಲಿ ಹೊತ್ತದ್ದನ್ನೇ ಇವು ಹೊಟ್ಟೆಯೊಳಗೆ ಹೊತ್ತು ತರುತ್ತಿದ್ದವು.

ಸ್ಪ್ರಿಂಕ್ಲರಿನ ಮಾತು ಬಂದದ್ದರಿಂದ ಇದನ್ನೂ ಬರೆಯಬೇಕು. ಕಾಫಿಯ ಹೂ ಅರಳಿಸುವ ಹೂಮಳೆ ಸರಿಯಾದ ಕಾಲಕ್ಕೆ ಬಾರದ ವರ್ಷಗಳಲ್ಲಿ ರೊಬಸ್ಟಾ ಕಾಫಿಗೆ ಹೂ ಬಿಡಿಸಲು ಫೆಬ್ರವರಿ, ಮಾರ್ಚಿನಲ್ಲಿ ತೊರೆ ಕೆರೆಗಳಿಂದ ನೀರೆತ್ತಿ ಹಾಯಿಸುವುದು ನಮ್ಮೆಲ್ಲರ ಕಸುಬು. ಎರಡು ವರ್ಷಗಳ ಹಿಂದೆ ತಮ್ಮನ ತೋಟದ ಮೇಲ್ಭಾಗದಲ್ಲಿ ತೊರೆಗೆ ಇಳಿಸಿದ್ದ ದೊಡ್ಡ ಪಂಪೊಂದು ನಾಲ್ಕು ದಿನ ಬಿಡುವಿಲ್ಲದೆ ಓಡಿ, ಕೆಳಗಿದ್ದ ಗುಂಡಿ ಪೂರ್ತಿ ಬತ್ತಿತು. ಅದರಲ್ಲಿದ್ದ ಮೀನುಗಳು ಕೆಸರಿನಲ್ಲಿ ಬಾಯಿ ತೆರೆದು ಬಿದ್ದಿದ್ದುದನ್ನು ನಾನೇ ಕಂಡಿದ್ದೇನೆ. ಅಲ್ಲಿಗೆ ಬರುತ್ತಿದ್ದ ನೀರುನಾಯಿಗಳ ಹಿಕ್ಕೆ ಆ ಬಳಿಕ ಆ ಕಲ್ಲುಗಳ ಮೇಲೆ ಕಂಡಿಲ್ಲ. ಬೆಳೆಗಾರನ ಕಷ್ಟ ನನಗೆ ಹೊರಗಿನದಲ್ಲ, ನೀರೆತ್ತಲೇಬಾರದೆಂದು ನಾನು ಹೇಳಲಾರೆ. ಆದರೆ ತೊರೆಯ ಗುಂಡಿಯ ತಳದಲ್ಲಿ ಮೊಣಕಾಲಷ್ಟು ನೀರನ್ನು ಬಿಟ್ಟು ಪಂಪು ನಿಲ್ಲಿಸುವ ಕಟ್ಟುಪಾಡನ್ನು ಊರೂರು ತಾನೇ ಮಾಡಿಕೊಳ್ಳಬಹುದು.

ಸಂಜೆ ವಾಲ್ನೂರಿನಲ್ಲಿ ಕಾವೇರಿಯ ದಡದಲ್ಲಿ ಕುಳಿತೆವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮಾಶೀರ್ ಮೀನುಗಳು ಆಳದ ಮಡುಗಳನ್ನೂ ಬಂಡೆಗಳ ನಡುವೆ ನೀರು ನೊರೆಯೇಳುವ ಜಾಗಗಳನ್ನೂ ಹಿಡಿದಿರುತ್ತವೆ. ಕಾವೇರಿಯ ಹೊರತು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಾಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿ. ಇಡೀ ಹೊಳೆ ನಾಲ್ಕೈದು ಮಡುಗಳಿಗೆ ಕುಗ್ಗಿದಾಗ ಆ ಮಡುಗಳಿಗೆ ಬಲೆ ಹಾಕುವುದಕ್ಕೂ ಇಡೀ ಹೊಳೆಯನ್ನು ಬಾಚುವುದಕ್ಕೂ ವ್ಯತ್ಯಾಸವಿಲ್ಲ.

ನಾಲ್ಕನೆಯ ದಿನ: ಮಾಕುಟ್ಟ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಟ್ಟ ಇಳಿಯತೊಡಗಿದೊಡನೆ ಬೆಳಕು ಬದಲಾಗುತ್ತದೆ. 1974ರಲ್ಲಿ ಘೋಷಿತವಾದ, 181 ಚದರ ಕಿಲೋಮೀಟರಿನ ಬ್ರಹ್ಮಗಿರಿ ವನ್ಯಧಾಮದ ನಿತ್ಯಹರಿದ್ವರ್ಣ ಕಾಡು ಇದು. ಇಲ್ಲಿನ ಮರಗಳು ಒಟ್ಟಿಗೆ ಎಲೆ ಕಳಚುವುದಿಲ್ಲ. ರಸ್ತೆಯ ಬದಿಯ ನೆರಳಿನಲ್ಲಿ ಹಲಗೆ ತೂಗುಹಾಕಿದಾಗ ಒಣ ಬುರುಡೆ 29 ಡಿಗ್ರಿ, ಒದ್ದೆ ಬುರುಡೆ 25 ಡಿಗ್ರಿ ತೋರಿದವು. ಎರಡು ದಿನಗಳ ಹಿಂದೆ ನಾಗರಹೊಳೆಯಲ್ಲಿ ಹದಿನಾಲ್ಕಿದ್ದ ಅಂತರ ಇಲ್ಲಿ ನಾಲ್ಕಕ್ಕೆ ಇಳಿದಿತ್ತು. "ಇಲ್ಲಿಂದ ನಮ್ಮ ರಾಜ್ಯ ಶುರುವಾಯಿತು," ಎಂದು ಭಾವ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

ಇಂತಹ ಕಾಡಿನಲ್ಲಿ ಬೇಸಿಗೆಯನ್ನು ತಡೆದಿರುವುದು ಎಲೆಯ ಸೂರೇ. ತೇವ ಇದ್ದೇ ಇರುವುದರಿಂದ ಅದನ್ನು ತರಲು ಓಡಬೇಕಿಲ್ಲ, ಆದರೆ ಮೈ ಆರಿಸಿಕೊಂಡು ತಣಿಯುವ ದಾರಿ ಅಷ್ಟೇನೂ ಫಲ ಕೊಡುವುದಿಲ್ಲ. ಹಾಗಾಗಿ ಜೀವಿಗಳು ಓಡಾಟವನ್ನೇ ಕಡಿಮೆ ಮಾಡುತ್ತವೆ. ಮಧ್ಯಾಹ್ನ ಹನ್ನೆರಡೂವರೆಗೆ ಎತ್ತರದ ಕೊಂಬೆಯೊಂದರ ಮೇಲೆ ಕೆಂದಳಿಲು ನಾಲ್ಕೂ ಕಾಲುಗಳನ್ನು ಎರಡು ಬದಿಗೆ ಇಳಿಬಿಟ್ಟು, ಹೊಟ್ಟೆಯನ್ನು ತಂಪು ತೊಗಟೆಗೆ ಒತ್ತಿ, ಹಾಸಿದ ಕಂಬಳಿಯಂತೆ ಮಲಗಿತ್ತು. ಮುಕ್ಕಾಲು ಗಂಟೆ ಅದು ಬಾಲದ ತುದಿಯನ್ನು ಬಿಟ್ಟು ಏನನ್ನೂ ಅಲ್ಲಾಡಿಸಲಿಲ್ಲ. ತರಗೆಲೆಗಳ ನಡುವೆ ನಾನು ಕಾಲಿಡಬೇಕೆಂದಿದ್ದ ಜಾಗದಿಂದಲೇ ಒಂದು ಒಣ ಎಲೆ ಹಾರಿ ಎರಡು ಮಾರು ಆಚೆ ಕುಳಿತು ಮತ್ತೆ ಎಲೆಯಾಯಿತು. ಅದೊಂದು ಕಂದು ಚಿಟ್ಟೆ, ಸಂಜೆಯ ಹೊತ್ತು ಹಾರುವ ಜಾತಿಯದು. ಮಳೆಗಾಲದ ಪೀಳಿಗೆಯಲ್ಲಿ ಇದರ ರೆಕ್ಕೆಯ ಅಡಿಭಾಗದ ಮೇಲೆ ಕಣ್ಣಿನಂತಹ ಚುಕ್ಕೆಗಳು ಎದ್ದು ಕಾಣುತ್ತವೆ, ಬೇಸಿಗೆಯ ಪೀಳಿಗೆಯಲ್ಲಿ ಅವು ಬಹುತೇಕ ಅಳಿಸಿಹೋಗಿ ತರಗೆಲೆಯ ಬಣ್ಣ ಮಾತ್ರ ಉಳಿಯುತ್ತದೆ. ಮರಿಗಳಿಗೆ ಹಸಿ ಹುಲ್ಲು ಸಿಗುವ ಮಳೆಯವರೆಗೆ ಮೊಟ್ಟೆಯಿಡುವುದನ್ನೂ ಮುಂದೂಡಿ ಅದು ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಕಾಲಿಗೆ ಮುತ್ತುವ ಉಂಬಳಗಳು ಕೂಡ ಈಗ ತೇವದ ತರಗೆಲೆಯ ತಳ ಸೇರಿದ್ದವು, ಒಂದೂ ಹತ್ತಲಿಲ್ಲ.

ಗಾಳಿ ಸೀಳುವ ಗರಗಸದಂತಹ ರೆಕ್ಕೆಯ ಸದ್ದು ಕೇಳಿ ತಲೆ ಎತ್ತಿದಾಗ ದೊಡ್ಡ ಮಂಗಟ್ಟೆ ಹಕ್ಕಿಯ ಗಂಡು ಕಣಿವೆಯನ್ನು ದಾಟುತ್ತಿತ್ತು. ಅದು ಹೋಗಿ ಕುಳಿತ ಮರದ ಪೊಟರೆಯನ್ನು ದೂರದಿಂದಲೇ ನೋಡಿದೆವು. ಹೆಣ್ಣು ಬೇಸಿಗೆಯ ಮೊದಲಲ್ಲೇ ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆಯಿಂದಲೇ ಬಾಯಿಯನ್ನು ಮೆತ್ತಿ, ಕೊಕ್ಕಿನ ತುದಿ ಹೊರಬರುವಷ್ಟೇ ಉದ್ದನೆಯ ಸೀಳನ್ನು ಉಳಿಸಿಕೊಂಡು ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಒಳಗಿನ ಬಿಸಿ ಗಾಳಿ ಸೀಳಿನ ಮೇಲ್ಭಾಗದಿಂದ ಹೊರಹೋಗಿ ಹೊರಗಿನ ತಂಪು ಗಾಳಿ ಕೆಳಭಾಗದಿಂದ ಒಳಬರುವುದರಿಂದ ಉದ್ದನೆಯ ಸೀಳು ಕಿಟಕಿಯ ಕೆಲಸವನ್ನೂ ಮಾಡುತ್ತದೆ. ಗಂಡು ಗಂಟಲಿನಿಂದ ಒಂದೊಂದಾಗಿ ಅತ್ತಿಯ ಜಾತಿಯ ಹಣ್ಣುಗಳನ್ನು ಹೊರತೆಗೆದು ಸೀಳಿಗೆ ಕೊಟ್ಟಿತು. ಹದಿನೇಳು ಹಣ್ಣುಗಳನ್ನು ಎಣಿಸಿದೆ. ಹೆಣ್ಣಿಗೆ ಊಟವೂ ನೀರೂ ಅದೇ. ಬೇರೆ ಮರಗಳಲ್ಲಿ ಹಣ್ಣಿಲ್ಲದ ದಿನಗಳಲ್ಲೂ ಆಲ, ಅತ್ತಿ, ಬಸರಿಗಳ ಬಳಗದ ಯಾವುದಾದರೊಂದು ಮರ ಎಲ್ಲೋ ಒಂದೆಡೆ ಹಣ್ಣು ಬಿಟ್ಟಿರುತ್ತದೆ. ಸೌದೆಗೂ ಬಾರದು, ಹಲಗೆಗೂ ಬಾರದು ಎಂದು ತೋಟಗಳಿಂದ ನಾವು ಮೊದಲು ಕಡಿದು ತೆಗೆಯುವುದು ಇದೇ ಮರಗಳನ್ನು. ಅದು ನನ್ನನ್ನು ಬಹಳ ನೋಯಿಸುತ್ತದೆ. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಹಲವು ಈಗ ಕಾಫಿಯ ನಡುವಿನ ಚಿಕ್ಕ ದ್ವೀಪಗಳಾಗಿ ಉಳಿದಿದ್ದರೂ, ಹಳೆಯ ಆಲ ಬಸರಿಗಳು ನಿಂತಿರುವುದು ಬಹುಪಾಲು ಅಲ್ಲಿಯೇ.

ಕಾಳಿಂಗ ಸರ್ಪವೂ ಈ ದಿನಗಳಲ್ಲಿ ತರಗೆಲೆಗಳನ್ನು ಮೈಯಿಂದ ಬಳಸಿ ರಾಶಿ ಮಾಡಿ ಗೂಡು ಕಟ್ಟುವ ಸಿದ್ಧತೆಯಲ್ಲಿರುತ್ತದೆ. ಮಳೆ ಹಿಡಿದ ಮೇಲೂ ಮೊಟ್ಟೆಗಳು ಬೆಚ್ಚಗೆ, ನೀರು ತಾಗದೆ ಇರಬೇಕಾದ್ದರಿಂದ ಅದಕ್ಕೆ ಒಣ ಎಲೆಯ ದಪ್ಪ ಹಾಸು ಬೇಕು. ರಸ್ತೆಯ ಬದಿಯಲ್ಲಿ ತರಗೆಲೆಗೆ ಬೆಂಕಿ ಕೊಡುವವರು ಇದನ್ನು ನೆನಪಿಡಬೇಕು.

ಐದನೆಯ ದಿನ: ಸಂಪಾಜೆ

ಮಡಿಕೇರಿಯಲ್ಲಿ ಬೆಳಗಿನ ಚಳಿಗೆ ಹೊದ್ದಿದ್ದ ಶಾಲನ್ನು ಕೊಯನಾಡು ದಾಟುವ ಹೊತ್ತಿಗೆ ತೆಗೆದು ಮಡಚಿಟ್ಟೆವು. ಸಂಪಾಜೆ ಮಡಿಕೇರಿಗಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗಿದೆ. ಇಲ್ಲಿ ಹರಿಯುವ ಪಯಸ್ವಿನಿ ಮುಂದೆ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಹೊಳೆಯ ಬದಿಯ ಅಡಿಕೆ ತೋಟದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹಲಗೆ 34 ಮತ್ತು 28 ಡಿಗ್ರಿ ತೋರಿಸಿತು. ಚಿಕ್ಲಿಹೊಳೆಗಿಂತ ಒಂದು ಡಿಗ್ರಿ ಕಡಿಮೆ ಬಿಸಿ, ಆದರೆ ಅಂತರ ಅದರ ಅರ್ಧ. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಅಂಗಿ ಮೈಗೆ ಅಂಟಿತು, ಅಂಟಿದ್ದು ಆರಲಿಲ್ಲ. "ಇದು ಸೆಖೆ," ಎಂದರು ಭಾವ.

ಅಡಿಕೆ ಮರದ ಬೂದು ಕಾಂಡದ ಮೇಲೆ ಅದೇ ಬಣ್ಣದ ಹಾರುವ ಓತಿಯೊಂದಿತ್ತು. ಬಿಸಿಲಿನ ಪಟ್ಟಿ ಕಾಂಡದ ಮೇಲೆ ಸರಿದಂತೆ ಅದೂ ಒಂದೊಂದೇ ಅಂಗುಲ ಸುತ್ತಿ ನೆರಳಿನ ಬದಿಗೆ ಸರಿಯುತ್ತಾ, ಅರ್ಧ ಗಂಟೆಯಲ್ಲಿ ಗಡಿಯಾರದ ಮುಳ್ಳಿನಂತೆ ಕಾಲು ಸುತ್ತು ಬಂದಿತು. ಆಮೇಲೆ ಕತ್ತಿನ ಹಳದಿ ಚೀಲವನ್ನು ಎರಡು ಬಾರಿ ಬಿಚ್ಚಿ ಮಡಚಿ, ಪಕ್ಕೆಲುಬುಗಳ ಮೇಲಿನ ಪೊರೆಯನ್ನು ಹರಡಿ ಆಚೆಯ ಮರಕ್ಕೆ ತೇಲಿಹೋಯಿತು. ಹೊಳೆಯ ಮೇಲೆ ಬಾಗಿದ ಮರದಲ್ಲಿ ತೂಗುತ್ತಿದ್ದ ಬಾವಲಿಗಳು ಎಚ್ಚರವಾಗಿಯೇ ಇದ್ದು, ಒಂದು ರೆಕ್ಕೆಯನ್ನು ಬೀಸಣಿಗೆಯಂತೆ ಆಡಿಸುತ್ತಾ ಎದೆಯನ್ನು ನೆಕ್ಕಿಕೊಳ್ಳುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಒಂದೊಂದು ಕೆಳಗಿಳಿದು ನೀರಿನ ಮೇಲ್ಮೈಗೆ ಹೊಟ್ಟೆ ತಾಗಿಸಿ ಮರಳಿ ಹೋಗಿ ಆ ತೇವವನ್ನು ನೆಕ್ಕುತ್ತಿತ್ತು.

ಭಾವ ತಮ್ಮೂರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಏಡಿಗಳ ವಿಷಯ ತೆಗೆದರು. ಇಳಿತದ ಹೊತ್ತಿನಲ್ಲಿ ಕೆಸರುದಂಡೆಯ ಮೇಲೆ ಸಾವಿರಗಟ್ಟಲೆ ಹೊರಬರುವ ಆ ಸಣ್ಣ ಏಡಿಗಳಲ್ಲಿ ಗಂಡಿಗೆ ಒಂದು ಇಕ್ಕುಳ ಮಾತ್ರ ಮೈಯಷ್ಟೇ ದೊಡ್ಡದು. ಹೆಣ್ಣನ್ನು ಕರೆಯಲು ಬೀಸುವ ಆ ಇಕ್ಕುಳವೇ ಮೈಯ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವ ಕೆಲಸವನ್ನೂ ಮಾಡುತ್ತದೆ. ಕಾವು ಮೀರಿದಾಗ ಏಡಿ ಬಿಲಕ್ಕಿಳಿದು ತಂಪಾಗಿ, ಮತ್ತೆ ಮೇಲೆ ಬರುತ್ತದೆ. ಕಡಲಾಮೆಯ ಮರಿಗಳು ಮರಳಿನೊಳಗೆ ಮೊಟ್ಟೆಯೊಡೆದ ಬಳಿಕ ಮೇಲ್ಪದರ ಬಿಸಿಯಾಗಿದ್ದರೆ ಅಲ್ಲಿಯೇ ಅಲ್ಲಾಡದೆ ತಡೆದು, ರಾತ್ರಿ ಮರಳು ತಣಿದ ಮೇಲೆ ಒಟ್ಟಾಗಿ ಹೊರಡುತ್ತವೆ. ಅದೇ ಮರಳು ಇನ್ನಷ್ಟು ಕಾದರೆ ಮರಿಗಳಲ್ಲಿ ಬಹುಪಾಲು ಹೆಣ್ಣೇ ಆಗುತ್ತವೆ, ಮತ್ತೂ ಕಾದರೆ ಮೊಟ್ಟೆಯೊಳಗೇ ಸಾಯುತ್ತವೆ. "ಇವುಗಳಲ್ಲಿ ಯಾವುದೂ ಬಿಸಿಯನ್ನು ಸಹಿಸಿಕೊಳ್ಳುವುದಿಲ್ಲ. ಹೊತ್ತು ಬದಲಿಸುತ್ತವೆ, ಇಲ್ಲ ಜಾಗ ಬದಲಿಸುತ್ತವೆ. ನಾವು ಆ ಹೊತ್ತನ್ನೂ ಜಾಗವನ್ನೂ ಹಿಡಿದುಕೊಂಡು ಕುಳಿತರೆ ಅವುಗಳಿಗೆ ಮೂರನೆಯ ಉಪಾಯ ಇಲ್ಲ," ಎಂದರು.

"ನಮ್ಮ ಹೊಳೆಯ ಏಡಿಯೂ ಹಾಗೆಯೇ ಇರಬೇಕಲ್ಲ, ಭಾವ?" ಎಂದು ಕೇಳಿದೆ.

"ನೋಡಿಯೇ ಬಿಡೋಣ."

ಹೊಳೆಯ ದಡದ ಮಣ್ಣಿನಲ್ಲಿ, ನೀರಿನ ಮಟ್ಟದಿಂದ ಎರಡು ಅಡಿ ಮೇಲೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬಿಲಗಳ ಸಾಲಿತ್ತು. ತೋಟದ ಯಜಮಾನರು ಅವು ಏಡಿಯ ಮಾಟೆಗಳೆಂದೂ, ಮಳೆ ಬಿದ್ದ ಮೊದಲ ರಾತ್ರಿಯೇ ಎಲ್ಲವೂ ಹೊರಬರುತ್ತವೆಯೆಂದೂ ಹೇಳಿದರು. ಭಾವ ಹಲಗೆಯಿಂದ ಒಂದು ಥರ್ಮಾಮೀಟರನ್ನು ಬಿಚ್ಚಿ ದಾರ ಕಟ್ಟಿದರು. ದಡದ ಮಣ್ಣಿನ ಮೇಲೆ ಬಿಸಿಲಿಗಿಟ್ಟಾಗ ಪಾದರಸ 47 ಡಿಗ್ರಿಗೆ ಏರಿತು. ಆಮೇಲೆ ಬರಿದಾಗಿದ್ದಂತೆ ಕಂಡ ಒಂದು ಬಿಲಕ್ಕೆ ಮೊಳದಷ್ಟು ಆಳ ಇಳಿಬಿಟ್ಟು ಐದು ನಿಮಿಷ ಕಾದು ಎಳೆದು ನೋಡಿದಾಗ 27 ಡಿಗ್ರಿಯಲ್ಲಿ ನಿಂತಿತ್ತು. ಬುರುಡೆಗೆ ತಣ್ಣನೆಯ ಕೆಸರು ಮೆತ್ತಿತ್ತು. ನಾನು ಬೆಳಕನ್ನು ಓರೆಯಾಗಿ ಬಿಟ್ಟು ಪಕ್ಕದ ಬಿಲವನ್ನು ಇಣುಕಿದೆ. ಬಾಯಿಯಿಂದ ಒಂದು ಗೇಣು ಒಳಗೆ, ಗೋಡೆಗೆ ಒರಗಿ ಕಂದು ಬಣ್ಣದ ಹೆಣ್ಣು ಏಡಿ ಕುಳಿತಿತ್ತು. ಹೊಟ್ಟೆಯ ಅಡಿಯ ಮಡಿಕೆ ಉಬ್ಬಿ ತೆರೆದುಕೊಂಡಿತ್ತು, ಅದರ ಅಂಚಿನಲ್ಲಿ ಸಾಸಿವೆ ಕಾಳಿನ ಗಾತ್ರದ, ಕಾಲುಗಳೆಲ್ಲ ಪೂರ್ತಿ ಮೂಡಿದ್ದ ಮರಿಗಳು ಒಂದರ ಮೇಲೊಂದು ಹತ್ತಿ ಅಲ್ಲಾಡುತ್ತಿದ್ದವು. ಬೆಳಕು ತಾಗಿದೊಡನೆ ತಾಯಿ ಮಡಿಕೆಯನ್ನು ಮುಚ್ಚಿಕೊಂಡು ಹಿಂದುಹಿಂದಾಗಿ ಒಳಕ್ಕೆ ಸರಿಯಿತು. ಭಾವ ಟಾರ್ಚು ಆರಿಸಲು ಹೇಳಿದರು, ಆರಿಸಿದೆ.